ಬೇಗ ಮಾಗಿದ ದ್ರಾಕ್ಷಿ

ಅಕ್ಕಾ,

ಅಮ್ಮನ ಕಣ್ಣಿನ ಆಪರೇಷನ್ ನಾನು ಬರುವ ಮೊದಲೇ ಮುಗಿದುಹೋದಂತೆ ಕನಸು ಬಿತ್ತು. ಎದ್ದ ಕೂಡಲೇ ಈ ಕಾಗದ ಬರೆಯಲು ಕೂತೆ.

ಇಲ್ಲಿ ನಾನು ಕೆಲಸ ಮಾಡುವ ತೋಟದಲ್ಲಿ ಈ ಸಲ ಮಳೆಯಿಲ್ಲ, ಬರೀ ಬಿಸಿಲು. ವೈನಿಗೆ ಬೆಳೆಸುವ ಕಪ್ಪು ದ್ರಾಕ್ಷಿ ಕಡಲೆಕಾಳಿನಷ್ಟೇ ಆಗಿದೆ. ಬೆಳೆ ಕೆಟ್ಟಿತೆಂದು ನಾನು ಹೆದರಿದ್ದಕ್ಕೆ ತೋಟದ ಮೇಸ್ತ್ರಿ ನಕ್ಕರು: "ಬಣ್ಣ, ಒಗರು ಎಲ್ಲಾ ಇರೋದು ಸಿಪ್ಪೇಲಿ ಕಣಯ್ಯಾ. ಹಣ್ಣು ಸಣ್ಣದಾದ್ರೆ ನೀರು ಕಮ್ಮಿ, ಸಿಪ್ಪೆ ಜಾಸ್ತಿ. ವೈನು ಗಟ್ಟಿಯಾಗತ್ತೆ. ದ್ರಾಕ್ಷಿ ಬಾಡಿದ್ರೆ ನೀನ್ಯಾಕೆ ಬಾಡ್ತೀಯ?" ನಿಜ, ಹಣ್ಣು ಹಿಸುಕಿದ ಕೈ ತೊಳೆದು ಮೂರು ದಿನವಾದರೂ ಬಣ್ಣ ಹೋಗಿಲ್ಲ. ನೀರೇ ಕಾಣದ ಬಳ್ಳಿ ಇಷ್ಟನ್ನು ಎಲ್ಲಿಂದ ತಂದಿತೋ!

ಸಿಹಿ ಬೇಗ ಏರಿದ್ದರಿಂದ ಕೊಯ್ಲು ಹದಿನೈದು ದಿನ ಮೊದಲೇ ಮುಗಿಯುತ್ತದೆ. ಇಪ್ಪತ್ತೆರಡಕ್ಕೆ ಮನೆಯಲ್ಲಿರುತ್ತೇನೆ. ಹೋದ ವಾರ ನನಗೆ ಬಂದಿದ್ದ ಜ್ವರವೂ ಬಿಟ್ಟಿದೆ. ಆಪರೇಷನ್ ಇಪ್ಪತ್ತಮೂರಕ್ಕೆ ಎಂದು ನೀನು ಬರೆದಿದ್ದೆ. ಡಾಕ್ಟರ ಚೀಟಿ ತೆಗೆದು ತಾರೀಖು ಇನ್ನೊಂದು ಸಲ ನೋಡೇ.

ನಿನ್ನ ತಮ್ಮ