ಶುಕ್ರವಾರಕ್ಕೆ ಸರಿದ ಏಕಾದಶಿ

ಸೆಪ್ಟೆಂಬರ್ 22, ಸೋಮವಾರ

ಆಗಸ್ಟ್ ಮುಗಿಯಿತು. ಬರುವ ವರ್ಷದ ಆಗಸ್ಟ್. ಕ್ಯಾಲೆಂಡರ್ ಪ್ರೂಫ್ ನೋಡುವವರಿಗೆ ಇದೊಂದು ಸುಖ — ಎಲ್ಲರಿಗಿಂತ ಮೊದಲು ಹೋಗಿ ಬರಬಹುದು. ಮಧ್ಯಾಹ್ನ ವರಮಹಾಲಕ್ಷ್ಮಿ ಹಬ್ಬದ ಚೌಕದಲ್ಲೇ ಬಹಳ ಹೊತ್ತು ಕೂತಿದ್ದೆ. ಗಾಂಧಿ ಬಜಾರಿನ ಸೇವಂತಿಗೆಯ ವಾಸನೆ ಕೂಡ ಬಂತು. ಕೆಳಗೆ ಪ್ರೆಸ್ಸಿನ ಮೆಷಿನ್ ಓಡುತ್ತಿತ್ತು. ಕಿಟಕಿಯಾಚೆ ಚಾಮರಾಜಪೇಟೆಯ ಬಿಸಿಲು. ಬೈಂಡಿಂಗ್‌ನ ರುದ್ರಾಣಿ ಬಂದು ಭುಜ ಅಲ್ಲಾಡಿಸಿದಳು.

"ಆಂಡಾಳೂ, ಯಾವ್ ಲೋಕದಲ್ಲಿದೀಯೇ? ಟೀ ಆರೋಯ್ತು."

"ಆಗಸ್ಟಲ್ಲಿ" ಅಂದೆ. ಹಣೆ ಚಚ್ಚಿಕೊಂಡಳು.

ಅಕ್ಟೋಬರ್ 9, ಗುರುವಾರ

ಅಚ್ಚಾಗಿ ಹೋಗಿದ್ದ ಆ ಕ್ಯಾಲೆಂಡರುಗಳೆಲ್ಲ ವಾಪಸು ಬಂದಿವೆ. ಬಸವನಗುಡಿಯ ಸ್ಮಾರ್ತರ ಟ್ರಸ್ಟ್‌ನವು. ಆಗಸ್ಟಿನಲ್ಲಿ ಗುರುವಾರ ಇರಬೇಕಾದ ಏಕಾದಶಿ ಶುಕ್ರವಾರದ ಚೌಕದಲ್ಲಿದೆ. ಹಳೆಯ ಪ್ರೂಫ್ ತೆಗೆದು ನೋಡಿದೆ. ಕೆಂಪು ಇಂಕಿನ ಬಾಣ. ನನ್ನದೇ ಕೈ.

ಹೇಗಾಯಿತೆಂದು ಗೊತ್ತು. ನಾವು ಶ್ರೀವೈಷ್ಣವರು. ಏಕಾದಶಿಗೆ ದಶಮಿ ಸ್ವಲ್ಪ ತಾಗಿದರೂ ನಮ್ಮ ಮನೆಯಲ್ಲಿ ಉಪವಾಸ ಮಾರನೆಯ ದಿನಕ್ಕೆ. ಅಜ್ಜಿ ಹಾಗೆ ಮಾಡುತ್ತಿದ್ದಳು, ಅಮ್ಮನೂ ಹಾಗೆಯೇ. ಸ್ಮಾರ್ತರಿಗೆ ಹಿಂದಿನ ದಿನವೇ ಸರಿ. ಎಲ್ಲೋ ತೇಲುತ್ತಾ ಕೂತವಳು ಅವರ ಮನೆಯ ಉಪವಾಸವನ್ನು ನಮ್ಮ ಮನೆಯ ದಿನಕ್ಕೆ ಎಳೆದು ತಂದಿದ್ದೇನೆ. ಹನ್ನೊಂದು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ.

ಮ್ಯಾನೇಜರ್ ಪಂಚಾಕ್ಷರಯ್ಯ ಕರೆಸಿದರು. ಬೈಯಲಿಲ್ಲ. ಅದಕ್ಕೇ ಭಯವಾಯಿತು.

"ನೋಡಿ ಆಂಡಾಳಮ್ಮ, ನೀವಾಗೇ ಬಿಟ್ಟೋದ್ರೆ ಮರ್ಯಾದೆ. ಇಲ್ಲೊಂದು ಸೈನ್ ಹಾಕ್ಬಿಡಿ."

ರಾಜೀನಾಮೆ. ಟೈಪ್ ಆಗಿ ಸಿದ್ಧವಿತ್ತು. ಪೆನ್ನು ಎತ್ತಿಕೊಂಡೆ. ಆದರೆ ಕಾಗದ ಕೊಟ್ಟರೆ ಓದದೆ ಬಿಡುವ ಜನ್ಮವಲ್ಲ ನನ್ನದು. ಓದಿದೆ. 'ಆಂಡಾಳ್, ಹೆಲ್ಪರ್' ಎಂದಿತ್ತು. ಹನ್ನೊಂದು ವರ್ಷ ಪ್ರೂಫ್ ನೋಡಿದ್ದೇನೆ, ಇವರ ರಿಜಿಸ್ಟರಿನಲ್ಲಿ ಇನ್ನೂ ಹೆಲ್ಪರ್.

"ನಾಳೆ ಹೇಳ್ತೀನಿ ಸಾರ್" ಅಂದು ಎದ್ದು ಬಂದೆ.

ಅಕ್ಟೋಬರ್ 10, ಶುಕ್ರವಾರ

ರುದ್ರಾಣಿ ಎಳೆದುಕೊಂಡೇ ಹೋದಳು, ಪ್ರೆಸ್ ಕೆಲಸಗಾರರ ಸಂಘಕ್ಕೆ. ಐದು ವರ್ಷದ ಹಿಂದೆ ಅವಳೇ ಪೀಡಿಸಿ ಮೆಂಬರ್ ಮಾಡಿಸಿದ್ದಳು. ಒಂದು ಮೀಟಿಂಗಿಗೂ ಹೋದವಳಲ್ಲ ನಾನು. ನಾಚಿಕೆಯಾಯಿತು.

ಸೆಕ್ರೆಟರಿ ನಂಜಪ್ಪ, ರಿಟೈರಾದ ಮೆಷಿನ್‌ಮನ್. ಎಲ್ಲ ಕೇಳಿ ಒಂದೇ ಪ್ರಶ್ನೆ.

"ಸೈನ್ ಹಾಕಿಲ್ವಲ್ಲಮ್ಮಾ?"

"ಇಲ್ಲ. ಆದ್ರೆ ತಪ್ಪು ನಂದೇ ಸಾರ್."

"ತಪ್ಪು ಬೇರೆ, ಕೆಲ್ಸ ಬೇರೆ. ತಪ್ಪಾದ್ರೆ ಎನ್‌ಕ್ವೈರಿ ಅಂತ ಒಂದಿದೆ. ಅವ್ರು ಬರೆದು ಕೇಳ್ಲಿ, ನಾವು ಬರೆದು ಹೇಳೋಣ. ಪಕ್ಕದಲ್ಲಿ ನಾನು ಕೂತಿರ್ತೀನಿ."

ಕೊನೆಯ ಮಾತಿಗೆ ಅತ್ತುಬಿಟ್ಟೆ. ಎಷ್ಟು ಹೆದರಿದ್ದೆ ಎಂದು ಆಗಲೇ ತಿಳಿದದ್ದು.

ಅಕ್ಟೋಬರ್ 19, ಭಾನುವಾರ

ಸೈನ್ ಹಾಕಲ್ಲ ಅಂದದ್ದಕ್ಕೆ ನೋಟಿಸ್ ಬಂತು. ನಂಜಪ್ಪನವರೇ ಕೂತು ಉತ್ತರ ಬರೆಸಿದರು. ಸಂಘದ ರೂಮಿನಲ್ಲಿ ಭಾನುವಾರ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಪಾಠ ನಡೆಯುತ್ತದೆ. "ನೀವೂ ಕಲೀರಿ. ಎಲ್ಲೋದ್ರೂ ಕೈ ಹಿಡಿಯತ್ತೆ" ಅಂದರು. ಹಿಂದಿನ ಬೆಂಚಿನಲ್ಲಿ ಕೂತೆ. ಬೆರಳು ಸೋಕಿದರೆ ಸಾಕು, ಅಕ್ಷರಗಳು ಮೆಲ್ಲಗೆ ಜಾರಿ ಜಾಗ ಬದಲಿಸುತ್ತವೆ. ನೋಡುತ್ತಾ ಮೈಮರೆತೆ. ಬೀದಿಯಲ್ಲಿ ಆಗಲೇ ದೀಪಾವಳಿಯ ಪಟಾಕಿ.

ಹೊರಡುವಾಗ ಪಕ್ಕಕ್ಕೆ ಕರೆದರು.

"ರಿಜಿಸ್ಟರಲ್ಲಿ ಹೆಲ್ಪರ್ ತಾನೆ? ಎನ್‌ಕ್ವೈರಿಲಿ, ಪ್ರೂಫ್ ನೋಡೋದು ನನ್ ಕೆಲ್ಸ ಅಲ್ಲ ಅಂದ್ಬಿಡಿ. ಕೇಸೇ ನಿಲ್ಲಲ್ಲ."

ನಿಜ. ಇಷ್ಟೇ ಅಂದರೆ ಕೆಲಸ ಉಳಿಯುತ್ತದೆ. ಮನೆಯಲ್ಲಿ ಸಂಬಳ ತರುವವಳು ನಾನೊಬ್ಬಳೇ. ಅನ್ನಲೇಬೇಕು.

ಅಕ್ಟೋಬರ್ 29, ಬುಧವಾರ, ಬೆಳಗ್ಗೆ ಆರು

ಕನಸು. ವರ್ಷದ ಚೌಕಗಳಲ್ಲಿ ನಡೆಯುತ್ತಿದ್ದೇನೆ. ಒಂದೊಂದು ಚೌಕವೂ ಯಾರದೋ ಮನೆ, ಬಾಗಿಲಲ್ಲಿ ರಂಗೋಲಿ, ಒಳಗೆ ಎಲೆ ಹಾಕಿದೆ. 'ಯಾರು ನೀವು?' ಎಂದು ಕೇಳುತ್ತಾರೆ. ಹೆಲ್ಪರ್ ಅನ್ನಬೇಕು... ಬಾಯಿ ಬರುತ್ತಿಲ್ಲ.

ಅಕ್ಟೋಬರ್ 30, ಗುರುವಾರ

ಎನ್‌ಕ್ವೈರಿ ಆಯಿತು. ನಡೆಸಿದ್ದು ಹೊರಗಿನ ವಕೀಲರೊಬ್ಬರು. ಪ್ರೂಫ್ ಮುಂದಿಟ್ಟು ಕೇಳಿದರು: "ಇದನ್ನ ನೋಡಿದ್ದು ನೀವಾ?"

ಕಲಿತ ಮಾತು ನಾಲಗೆಯ ಮೇಲೇ ಇತ್ತು. ಕೆಂಪು ಬಾಣ ನೋಡಿದೆ. ತಪ್ಪಾದ ಬಾಣವೇ. ಆದರೆ ಆ ಹಾಳೆಯಲ್ಲಿ ಸರಿಯಾದ ಗುರುತುಗಳೂ ಎಷ್ಟೊಂದಿದ್ದವು! ಅವನ್ನೆಲ್ಲ ಯಾರದೆಂದು ಬಿಟ್ಟುಕೊಡಲಿ?

"ನಾನೇ ನೋಡಿದ್ದು. ಹನ್ನೊಂದು ವರ್ಷದಿಂದ ಪ್ರೂಫ್ ನೋಡ್ತಿರೋದು ನಾನೇ. ಇದೊಂದು ತಪ್ಪಿದೀನಿ."

ನಂಜಪ್ಪ ಕಣ್ಣು ಮುಚ್ಚಿಕೊಂಡರು. ಮುಗಿಯಿತು ಅಂದುಕೊಂಡೆ. ಕಣ್ಣು ಬಿಟ್ಟವರೇ ಮುಂದಕ್ಕೆ ಬಾಗಿದರು.

"ಬರ್ಕೊಳ್ಳಿ ಸಾರ್. ಹನ್ನೊಂದು ವರ್ಷದಿಂದ, ಅನ್ನೋದನ್ನೂ ಬರ್ಕೊಳ್ಳಿ. ಹೆಲ್ಪರ್ ಅಂತ ಇಟ್ಕೊಂಡು ಪ್ರೂಫ್ ನೋಡಿಸಿದಾರೆ. ತಿದ್ದಿದ ಮೇಲೆ ಎರಡನೇ ಪ್ರೂಫ್ ಯಾರು ನೋಡ್ಬೇಕಿತ್ತು, ಅದನ್ನೂ ಸ್ವಲ್ಪ ಕೇಳಿ."

ಎರಡನೆಯದನ್ನು ಯಾರೂ ನೋಡಿರಲಿಲ್ಲ. ಪಂಚಾಕ್ಷರಯ್ಯ ನೀರು ಕುಡಿದರು.

ಹೊರಗೆ ಬಂದು ನಂಜಪ್ಪನವರ ಕ್ಷಮೆ ಕೇಳಿದೆ. "ಹೇಳ್ಕೊಟ್ಟಿದ್ದೊಂದು, ಹೇಳಿದ್ದೊಂದು! ಎದೆ ಒಡ್ದೋಗಿತ್ತು ಕಣಮ್ಮಾ" ಅಂದರು. ನಗುತ್ತಲೂ ಇದ್ದರು.

ನವೆಂಬರ್ 14, ಶುಕ್ರವಾರ, ಸಂಜೆ

ಕಾಗದ ಬಂದಿದೆ. ಎಚ್ಚರಿಕೆ ಪತ್ರ. ಮೂರು ಪ್ಯಾರಾ ತುಂಬ ಬೈಗುಳ — ಗಂಭೀರ ಅಜಾಗರೂಕತೆ, ಸಂಸ್ಥೆಯ ಹೆಸರಿಗೆ ಧಕ್ಕೆ, ಮರುಕಳಿಸಿದಲ್ಲಿ ಕ್ರಮ. ಅಂದರೆ ಕೆಲಸ ಇದೆ.

ಅಭ್ಯಾಸಬಲ, ಮತ್ತೆ ಮೊದಲಿಂದ ಓದಿದೆ. ಮೇಲೆ ನನ್ನ ಹೆಸರು. ಕೆಳಗಿನ ಸಾಲಿನಲ್ಲಿ: ಪ್ರೂಫ್ ರೀಡರ್.

ಬೆರಳಿಟ್ಟು ಓದಿದೆ. ಹೌದು, ಹಾಗೆಯೇ ಇದೆ. ನಂಜಪ್ಪನವರಿಗೆ ಫೋನ್ ಮಾಡಿದರೆ, "ರಿಜಿಸ್ಟರಲ್ಲೂ ಬರೋವರ್ಗೂ ಬಿಡಲ್ಲ ನಾನು" ಅಂದರು.

ನನ್ನಂಥ ಹುಚ್ಚಿ ಯಾರಿದ್ದಾರೆ, ಬೈದ ಕಾಗದವನ್ನು ಎದೆಗೊತ್ತಿಕೊಂಡು ಕೂತಿದ್ದೇನೆ. ಅಡುಗೆಮನೆಯಿಂದ ಅಮ್ಮ ಕೇಳುತ್ತಿದ್ದಾಳೆ — ಏನದು, ಒಳ್ಳೇ ಸುದ್ದೀನಾ ಕೆಟ್ಟ ಸುದ್ದೀನಾ? ಓದಿ ಹೇಳೇ.

ಮೊದಲಿಂದಲೇ ಓದುತ್ತೇನೆ. 'ಶ್ರೀಮತಿ ಆಂಡಾಳ್, ಪ್ರೂಫ್—