ಕ್ಯಾರಿಯರ್ ಬಿಚ್ಚಿದ ಮೇಲೆ

ಗಾಡಿ ಒಳಗಿಂದ,
ಜುಲೈ ೧೪, ಭಾನುವಾರ ರಾತ್ರಿ. ಹೊರಗೆ ಮಳೆ.

ಪ್ರೀತಿಯ ಅಕ್ಕಾ,

ಹೆಂಗಿದೀಯಾ? ಅಮ್ಮನ ಮಂಡಿ ಹೆಂಗಿದೆ? ಆಪರೇಷನ್ ಆದ ಕಾಲು ಮಡಚೋಕೆ ಬರ್ತಿದೆಯಾ, ಇಲ್ಲ ಇನ್ನೂ ಮೆಟ್ಟಿಲು ಇಳಿಯುವಾಗ ನಿನ್ನ ಭುಜಾನೇ ಹಿಡ್ಕೊಂಡು ನಿನ್ನನ್ನೇ ಬೈತಿದಾಳಾ? ವ್ಯಾಯಾಮ ಮಾಡಿಸೋಕೆ ಬರೋ ಹುಡುಗಿಗೆ ಟೀ ಕೊಟ್ಟು, ಮಾತಿಗೆಳೆದು, ಹೊತ್ತು ಕಳೆದು ಕಳಿಸ್ತಾಳೆ ಅಂದ್ಯಲ್ಲ, ಅದನ್ನ ಕೇಳಿ ಸಿಗ್ನಲ್‌ನಲ್ಲಿ ಒಬ್ಬನೇ ನಕ್ಕಿದೀನಿ, ಪಕ್ಕದ ಬಸ್ಸಿನವರೆಲ್ಲ ನೋಡಿದ್ರು. ನಾನು ಚೆನ್ನಾಗಿದೀನಿ, ಊಟ ಆಯ್ತು. ಈ ವಾಯ್ಸ್ ಮೆಸೇಜ್ ಉದ್ದ ಆಗುತ್ತೆ, ಅಮ್ಮ ಪಕ್ಕದಲ್ಲಿದ್ರೆ ಇಯರ್‌ಫೋನ್ ಹಾಕ್ಕೋ. ಮೊದಲು ಜಾಗ, ತಾರೀಖು ಹೇಳಿದ್ದಕ್ಕೆ ನಗಬೇಡ. ಸ್ಕೂಲಿಗೆ ಅಂತ ಮನೇಲಿ ಕಾಗದ ಬರೆಯೋದು ಕಲಿಸುವಾಗ ಅದನ್ನ ಮರೆತಿದ್ದಕ್ಕೆ ಸ್ಕೇಲಲ್ಲಿ ಹೊಡೆದೋಳು ನೀನೇ.

ನಮ್ಮ ಲಗೇಜ್ ಗಾಡಿ ವಿಷಯಕ್ಕೆ ಬರ್ತೀನಿ. "ಕ್ಯಾರಿಯರ್ ಇದ್ರೆ ಯಾರೂ ತಗೊಳಲ್ಲ ಕಣೋ, ಬಿಚ್ಚಿ ಮಾರ್ಬಿಡು" ಅಂದೆ. ಬಿಚ್ದೆ. ನಾವಿಬ್ರೂ ಈ ಊರಿಗೆ ಬಂದು ಅಂಗಡಿ ಬೋರ್ಡ್ ಹಾಕೋ ಕೆಲಸ ಶುರು ಮಾಡಿದಾಗ, ಉದ್ದ ಏಣಿ ಹೇರೋಕೆ ಅಂತ ನೀನೇ ಡ್ರಿಲ್ ಹಿಡಿದು ಕ್ಯಾಬಿನ್ ತಲೆ ಮೇಲೆ ಕೂರಿಸಿದ್ದ ಕ್ಯಾರಿಯರ್ ಅದು. ನಟ್ಟುಗಳು ತುಕ್ಕು ಹಿಡಿದು ನಿನ್ನ ಥರಾನೇ ಹಟ ಮಾಡಿದ್ವು, ಎಣ್ಣೆ ಕುಡಿಸಿ ಪುಸಲಾಯಿಸಬೇಕಾಯ್ತು. ಹೆಂಗಿದ್ರೂ ಅದರಿಂದ ಕೆಲಸ ಇರ್ಲಿಲ್ಲ ಬಿಡು. ಆ ಏಣಿ ಒಬ್ಬನ ಕೈಲಿ ಏಳಲ್ಲ. ನೀನು ಅಮ್ಮನ್ನ ನೋಡ್ಕೊಳ್ಳೋಕೆ ಹೋದ್ಮೇಲೆ ಒಂದ್ಸಲ ನೋಡ್ದೆ, ಈ ತುದಿ ಎತ್ತಿದ್ರೆ ಆ ತುದಿ ಔಷಧಿ ಅಂಗಡಿ ಒಳಗೆ ಹೋಗಿ ಕೆಮ್ಮಿನ ಸಿರಪ್ ಕೇಳೋ ಥರ ನಿಂತ್ಕೊಂಡಿತ್ತು. ಈಗ ಮನೆ ಸಾಮಾನು, ಫ್ರಿಜ್ಜು, ಮಂಚ ಅಂತ ಬಾಡಿಗೆ ಹೊಡೀತಿದೀನಿ.

ಕ್ಯಾರಿಯರ್ ಏನೋ ಇಳೀತು, ಅದರ ತೂತು ಎಲ್ಲಿಗೆ ಹೋಗುತ್ತೆ? ತಲೆ ಮೇಲೆ ಎಂಟು ತೂತು, ಮಾರನೇ ದಿನಾನೇ ಮಳೆ. ಬಿಡದೇ ಸುರೀತಿತ್ತು, ಮೇಲೆ ಹತ್ತಿ ಅಂಟು ಹಾಕಿದ್ರೆ ನಿಲ್ಲಲ್ಲ ಅಂತ ನಾನು ಬುದ್ಧಿ ಓಡಿಸ್ದೆ. ಒಳಗಡೆ ಸೀಲಿಂಗ್ ಬಟ್ಟೆ ಬಿಚ್ಚಿ, ಕೆಳಗಿಂದ ಸಿಲಿಕಾನ್ ಮೆತ್ತಿ, ಬಟ್ಟೆ ವಾಪಸ್ ಸಿಕ್ಕಿಸಿ, ಒಂದು ಹನಿ ಬೀಳ್ತಿಲ್ಲ ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ದೆ. ಅಷ್ಟರಲ್ಲಿ ತರಕಾರಿ ವ್ಯಾಪಾರದವನು ಗಾಡಿ ನೋಡೋಕೆ ಬಂದ. ಒಗೆದ ಬಿಳಿ ಶರ್ಟು, ನಿನ್ನ ಸೀಟಲ್ಲಿ ಕೂತು "ಸೋರಲ್ಲ ತಾನೆ?" ಅಂದ. "ಛೇ ಛೇ" ಅಂದೆ. ತಿರುವಲ್ಲಿ ನಾಯಿ ಅಡ್ಡ ಬಂತು, ಬ್ರೇಕ್ ಹಾಕ್ದೆ ನೋಡು, ತಗಡಿಗೂ ಬಟ್ಟೆಗೂ ನಡುವೆ ಎಲ್ಲಿಂದಲೋ ಸೇರಿ ನಿಂತಿದ್ದ ನೀರೆಲ್ಲ ಮುಂದಕ್ಕೆ ಬಂದು ಅವನ ನೆತ್ತಿ ಮೇಲೆ ಒಂದು ಚೊಂಬು ಸುರಿದಂಗೆ ಸುರೀತು. ಪಾಪ, ಬೈಯ್ಯಲಿಲ್ಲ. ಕನ್ನಡಿ ತಿರುಗಿಸಿ ಕೂದಲು ಬಾಚ್ಕೊಂಡು "ಇನ್ನೊಂದು ಕಡೆ ನೋಡ್ತೀನಿ ತಮ್ಮಾ" ಅಂತ ಇಳಿದು ಹೋದ.

ಅವತ್ತೇ ತೀರ್ಮಾನ ಮಾಡ್ದೆ, ಮೇಲಿಂದಾನೇ ಸರಿ ಮಾಡ್ಬೇಕು ಅಂತ. ಇವತ್ತು ಬೆಳಗ್ಗೆ ಬಿಸಿಲು ಬಂತು. ಹಳೇ ಅಂಟೆಲ್ಲ ಕೆರೆದೆ. ತೂತಿನ ಸುತ್ತ ತುಕ್ಕು ಹೋಗೋ ತನಕ ಉಜ್ಜಿ, ಒರೆಸಿ, ಪ್ರೈಮರ್ ಬಳಿದು ಒಣಗಿಸ್ದೆ. ಆಮೇಲೆ ಒಂದೊಂದಕ್ಕೂ ಬೋಲ್ಟು, ಅಡಿಗೆ ರಬ್ಬರ್ ವಾಷರ್, ಸುತ್ತ ಸಿಲಿಕಾನ್. ನಾನು ಜೋರಾಗಿ ತಿರುಗಿಸಿ ಮೊದಲನೇ ರಬ್ಬರ್ ಪಿಚಕ್ ಅಂತ ಆಚೆ ಬಂತು. ಅದನ್ನ ಬದಲಾಯಿಸಿ, ಉಳಿದಿದ್ದಕ್ಕೆ ರಬ್ಬರ್ ಉಬ್ಬೋಕೆ ಶುರುವಾದ ತಕ್ಷಣ ಕೈ ಬಿಟ್ಟೆ. ಅಂಟು ಗಟ್ಟಿಯಾಗ್ಲಿ ಅಂತ ಸಂಜೆ ತನಕ ಮುಟ್ಟಲಿಲ್ಲ. ನಾನು, ಸಂಜೆ ತನಕ, ಸುಮ್ನೆ ಕೂತಿದ್ದೆ. ನಂಬ್ತೀಯಾ?

ಪರೀಕ್ಷೆ ಮಾಡೋಕೆ ಇಬ್ರು ಬೇಕಲ್ಲ, ಮೇಲೆ ಪೈಪ್ ಹಿಡಿಯೋಕೊಬ್ಬ, ಒಳಗೆ ನೋಡೋಕೊಬ್ಬ. ಮನೆ ಓನರ್ ಅಜ್ಜಿನ ಕರೆದೆ. ಕೈಲಿ ಟಾರ್ಚು ಹಿಡಿದು, ಗಾಡಿ ಒಳಗೇ ಕೊಡೆ ಬಿಚ್ಕೊಂಡು ಕೂತ್ರು ಪುಣ್ಯಾತ್ಗಿತ್ತಿ. "ನಿನ್ನ ಕೆಲಸದ ಮೇಲೆ ನಂಗೆ ನಂಬಿಕೆ ಇದೆ ಮಗಾ, ಕೊಡೆ ಸುಮ್ನೆ ಇರಲಿ" ಅಂದ್ರು. ನಾನು ಮೇಲೆ ಕೂತು ನೀರು ಬಿಟ್ಟು, ಅಭ್ಯಾಸ ಬಲ ನೋಡು, ಸ್ಪ್ಯಾನರ್‌ನಲ್ಲಿ ತಗಡಿಗೆ ಒಂದು ಸಲ ಬಡಿದೆ. ರಸ್ತೆ ಗಲಾಟೆಯಲ್ಲಿ ನಿನ್ನ ಕೂಗು ನಂಗೆ ಕೇಳಲ್ಲ ಅಂತ ನೀನು ಏಣಿ ಮೇಲಿಂದ ಸುತ್ತಿಗೇಲಿ ಬಡೀತಿದ್ಯಲ್ಲ, ಹಂಗೆ. ಒಂದು ಸಲ ಅಂದ್ರೆ ಏಣಿ ಹಿಡ್ಕೊಂಡಿರು, ಎರಡು ಸಲ ಅಂದ್ರೆ ಬಿಡು. ನಾನು ಕೆಳಗಿಂದ ಅದನ್ನೇ ವಾಪಸ್ ಬಡಿದ್ರೆ ಸರಿ ಅಂತ. ಅಜ್ಜಿಗೇನು ಗೊತ್ತು? "ಯಾರೋ ಬಾಗಿಲು ಬಡೀತಿದಾರೆ" ಅಂತ ಬಾಗಿಲು ತೆಗೆದು ಆಚೆ ತಲೆ ಹಾಕಿದ್ರು. ನೀರೆಲ್ಲ ಅವರ ಮೇಲೆ. ಕೊಡೆ ಮಾತ್ರ ಒಳಗೆ ಒಣಗಿತ್ತು. ಅವರು ಬೈಯ್ಯೋದನ್ನ ಕೇಳ್ಕೊಂಡು ನಕ್ಕೆ, ಆದ್ರೆ ಅದಕ್ಕೂ ಒಂದು ಕ್ಷಣ ಮುಂಚೆ ನಾನು ಕಿವಿಗೊಟ್ಟು ಕಾಯ್ತಿದ್ದೆ ಅಕ್ಕಾ, ಕೆಳಗಿಂದ ವಾಪಸ್ ಬಡಿತ ಬರುತ್ತೆ ಅಂತ.

ಒಂದು ಕಡೆ ಇನ್ನೂ ಜಿನುಗ್ತಿತ್ತು. ಎಂಟೂ ಬೋಲ್ಟು ಗಟ್ಟಿ, ಮತ್ತೆ ಎಲ್ಲಿಂದ? ಕೈಯಾಡಿಸಿ ನೋಡಿದ್ರೆ ಕ್ಯಾರಿಯರ್ ಕಾಲು ಕೂತಿದ್ದ ಜಾಗದಲ್ಲಿ ಬಣ್ಣದ ಕೆಳಗೆ ಏನೋ ಉಬ್ಬು. ಉಗುರಲ್ಲಿ ಎಬ್ಬಿಸ್ದೆ. ಸ್ಟಿಕರ್! ಹಾಲಿನಂಗಡಿ ಬೋರ್ಡಲ್ಲಿ ಉಳಿದಿದ್ದ 'ಹಾ' ಅಕ್ಷರ. ಅದರಡಿಗೆ ಒಂಬತ್ತನೇ ತೂತು. ಅವತ್ತು ಡ್ರಿಲ್ ಜಾಗ ತಪ್ಪಿ, ನಂಗೆ ಗೊತ್ತಾಗ್ಬಾರ್ದು ಅಂತ ಅಕ್ಷರ ಅಂಟಿಸಿ ಮೇಲೆ ಬಣ್ಣ ಹೊಡೆದಿದೀಯಲ್ಲ, ಕಳ್ಳಿ! "ಅಳತೆ ಅಂದ್ರೆ ನನ್ನ ಕಣ್ಣು" ಅಂತ ಇಷ್ಟು ವರ್ಷ ಮೆರೆದ್ಯಲ್ಲ! ಅದಕ್ಕೂ ಒಂದು ಬೋಲ್ಟು ಹಾಕ್ದೆ. ಈಗ ಮಳೆ ಹೊಡೀತಿದೆ, ನಾನು ನಿನ್ನ ಸೀಟಲ್ಲಿ ಕೂತು ಮಾತಾಡ್ತಿದೀನಿ. ಒಂದು ಹನಿ ಇಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಕಾಲು ಮಡಚು ಅಂತ ನನ್ನ ಪರವಾಗಿ ನೀನೇ ಬೈಯ್ಯಿ. ಅಲ್ಲಿ ನೀನು ಸೇರಿರೋ ಪ್ರಿಂಟಿಂಗ್ ಅಂಗಡಿ ಕೆಲಸದಲ್ಲಿ ಎಸಿ ಗಾಳಿಗೆ ನೆಗಡಿ ಬರಿಸ್ಕೋಬೇಡ, ನಿಂಗೆ ಬಿಸಿಲೇ ಒಗ್ಗೋದು.

ಇಂತಿ ನಿನ್ನ ತಮ್ಮ,
ಏಣಿಕಾಲು (ಏಣಿ ಕಾಲು ಹಿಡಿಯೋನಿಗೆ ನೀನಿಟ್ಟ ಹೆಸರೇ)

ಮರೆತಿದ್ದೆ, ಅಕ್ಕಾ, ಆಫ್ ಮಾಡ್ಬೇಡ. ತರಕಾರಿಯವನು ಸಂಜೆ ಮತ್ತೆ ಫೋನ್ ಮಾಡಿದ್ದ. ತೂತಿಗೆಲ್ಲ ತಗಡಿಟ್ಟು ವೆಲ್ಡ್ ಮಾಡ್ಸಿ ಕೊಟ್ರೆ ತಗೋತೀನಿ ಅಂದ. ವೆಲ್ಡಿಂಗ್‌ನವನು ನಾಳೆ ಬಾ ಅಂದಿದಾನೆ, ಬಣ್ಣ ಹೊಡೆದ್ರೆ ಕ್ಯಾರಿಯರ್ ಇತ್ತು ಅನ್ನೋ ಗುರುತೂ ಇರಲ್ವಂತೆ. ಗಾಡಿ ಮಾರಿದ್ರೆ ನಾನೂ ಇಲ್ಲಿರಲ್ಲ, ಬಂದರಿನ ಕಡೆ ಹೋಗ್ತೀನಿ, ನಿಂಗೆ ಗೊತ್ತಲ್ಲ, ನನ್ನ ಕಾಲು ಒಂದು ಕಡೆ ನಿಲ್ಲಲ್ಲ. ಆದ್ರೆ ಈ ಬೋಲ್ಟು ಬಿಚ್ಚಿ ಕ್ಯಾರಿಯರ್ ಮತ್ತೆ ಕೂರಿಸೋಕೆ ಬರುತ್ತೆ, ಅದಕ್ಕೇ ಬೋಲ್ಟು ಹಾಕಿದ್ದು. ಕ್ಯಾರಿಯರ್ ನನ್ನ ಮಂಚದ ಕೆಳಗಿದೆ. ನೀನು ವಾಪಸ್ ಬರೋದು ಯಾವಾಗ ಅಂತ ಕೇಳಿದಾಗೆಲ್ಲ "ನೋಡೋಣ" ಅಂತೀಯ. ಅಮ್ಮ ಪಕ್ಕದಲ್ಲಿರ್ತಾಳೆ, ಬಾಯಿಬಿಟ್ಟು ಹೇಳೋದು ಕಷ್ಟ, ಗೊತ್ತು. ಮಾತು ಬೇಡ. ಬೆಳಗ್ಗೆ ನಾನು ವೆಲ್ಡಿಂಗ್ ಅಂಗಡಿಗೆ ಹೊರಡೋಕೆ ಮುಂಚೆ ಫೋನ್ ಹತ್ರ ಯಾವುದಾದ್ರೂ ಪಾತ್ರೆಗೆ ಬಡಿದು ಕಳ್ಸು. ಎರಡು ಸಲ ಬಡಿದ್ರೆ ಗಾಡಿ ಬಿಟ್ಬಿಡ್ತೀನಿ, ಬೇಜಾರಿಲ್ಲ. ಒಂದು ಸಲ ಬಡಿದ್ರೆ ಎಷ್ಟು ದಿನ ಆದ್ರೂ ಹಿಡ್ಕೊಂಡಿರ್ತೀನಿ.