ಸತುವಿನ ಲೇಪ

ಮಾರ್ಚ್ ೩, ಬೆಳಿಗ್ಗೆ ೭
ಹಲ್ಲುಜ್ಜಿದೆ. ಬಿಸಿನೀರು. ಶೀತ ಬಾರದಿರಲೆಂದು ಜಿಂಕ್ ಮಾತ್ರೆ—ಒಂದು. ಮೂಗು ಒಣಗಿದೆ, ಗಂಟಲು ಸರಿ. ದಿನಾ ಇದನ್ನು ಮಗಳಿಗೆ ಫೋನಿನಲ್ಲಿ ಒಪ್ಪಿಸಬೇಕು, ಆಮೇಲೇ ಅವಳ ಮನೆಗೆ ಎಂಟ್ರಿ. ಮೊಮ್ಮಗಳಿಗೆ—ಸಣಕಲಿ, ನಾನು ಕರೆಯುವುದೇ ಕಡ್ಡಿ ಎಂದು—ರಕ್ತದ ಕಾಯಿಲೆ. ಚಿಕಿತ್ಸೆ ಬಿಳಿ ಕಣಗಳನ್ನೆಲ್ಲ ನುಂಗಿಹಾಕಿದೆ. ನಮಗೆ ಬರೀ ಶೀತ, ಅವಳಿಗೆ ಜೀವಕ್ಕೇ ಕುತ್ತು. ಮಗಳು ಡ್ಯೂಟಿಗೆ ಹೋದಾಗ ನಾನೇ ಕಾವಲು.
"ಅಪ್ಪಾ, ಒಂದು ಸೀನು ಬಂದ್ರೂ ಬರ್ಲೇಬೇಡ."
ಎರಡು ವರ್ಷದ ಹಿಂದೆ ಮಗಳ ಅಮ್ಮನಿಗೆ, ನನ್ನ ಹೆಂಡತಿಗೆ, ಶೀತ ಹೊತ್ತು ತಂದವನು ನಾನೇ. ಅದೇ ನ್ಯುಮೋನಿಯಾ ಆಗಿ ಹೋಗಿಬಿಟ್ಟಳು. ಮಗಳು ಆ ಮಾತೆತ್ತುವುದಿಲ್ಲ. ಎತ್ತಿದ್ದರೆ ವಾಸಿಯಿತ್ತು.

ಮಾರ್ಚ್ ೧೯
ಔಷಧಿ ಅಂಗಡಿಯವನ ತಕರಾರು. "ದಿನಕ್ಕೊಂದೇ ಸಾರ್, ಅದೂ ಹದಿನೈದು ದಿನ."
ಇವನೇನು ಕಂಡ! ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣದ ಬಕೆಟ್ಟುಗಳನ್ನು ಕರಗಿದ ಸತುವಿನಲ್ಲಿ, ಅಂದರೆ ಇದೇ ಜಿಂಕಿನಲ್ಲಿ, ಅದ್ದಿಸಿದವನು ನಾನು. ಲೇಪ ತೆಳುವಾದರೆ ತುಕ್ಕು ಖಾತ್ರಿ. ಕಾಲೇಜಿನಲ್ಲೂ ಓದಿದ್ದೆ—"ಜಿಂಕ್ ಪ್ರೊಟೆಕ್ಟ್ಸ್ ಐರನ್ ಬೈ..." ಬೈ ಏನೋ. ಮರೆತಿದೆ.
ಬೇರೆ ಅಂಗಡಿಗೆ ಹೋದೆ. ಇನ್ನು ದಿನಕ್ಕೆ ಮೂರು. ಚಪ್ಪರಿಸುವ ಜಿಂಕ್ ಗುಳಿಗೆ ಬೇರೆ.

ಮೇ ೨೭
ಒಂದು ಸೀನಿಲ್ಲ! ಕಡ್ಡಿಯ ಮುಖ ಔಷಧಿಗೆ ಊದಿದೆ. ಕಡ್ಡಿ ಎನ್ನಲು ನಾಲಿಗೆ ಏಳುವುದಿಲ್ಲ. ಹಾವು-ಏಣಿ ಆಟದಲ್ಲಿ ಮಾತ್ರ ಮೋಸ ಮೊದಲಿನಷ್ಟೇ.
"ತಾತ, ನಿಂಗೆ ಶೀತಾನೇ ಆಗಲ್ವಾ?"
"ನಾನು ಬಕೆಟ್ಟು ಕಣೇ. ಒಳಗೂ ಹೊರಗೂ ಸತು."
"ಬಕೆಟ್ ತಾತ!" ಎಂದು ನಕ್ಕು ನಕ್ಕು ಕೆಮ್ಮಿದಳು. ಥರ್ಮಾಮೀಟರ್ ತರಲು ಓಡಿದೆ.

ಆಗಸ್ಟ್ ೧೧
ಪಾದ ಮರಗಟ್ಟಿದೆ. ಚಪ್ಪಲಿ ಕಳಚಿಬಿದ್ದದ್ದು ಬೀದಿ ತಿರುಗಿದ ಮೇಲೆ ತಿಳಿಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸು, ಇನ್ನೇನು. ಹೇಳಿದರೆ ಕಾವಲು ಕೆಲಸಕ್ಕೆ ಕತ್ತರಿ. ಹೇಳಲಿಲ್ಲ. ಮಾತ್ರೆ ನಾಲ್ಕು ಮಾಡಿದೆ.

ಅಕ್ಟೋಬರ್ ೨, ಶುಕ್ರವಾರ
ಗಂಟಲಲ್ಲಿ ಮುಳ್ಳು. ಫೋನಿನಲ್ಲಿ "ಸರಿ ಇದೆ" ಎಂದು ಒಪ್ಪಿಸಿದೆ. ಕಡ್ಡಿ ಕಾಯುತ್ತಿರುತ್ತಾಳೆ... ಜಿಂಕ್ ಇದೆಯಲ್ಲ. ಹೋದೆ.

ಅಕ್ಟೋಬರ್ ೬, ಆಸ್ಪತ್ರೆ
ನನಗೇ ಜ್ವರ, ಬಾಯಿತುಂಬ ಹುಣ್ಣು. ಡಾಕ್ಟರಮ್ಮ ನನ್ನ ಚೀಲ ಸುರಿದು ನೋಡಿದರು.
"ಇಷ್ಟೂ ನೀವೇ ತಿಂದ್ರಾ? ಎಷ್ಟು ತಿಂಗಳು?"
"ಏಳು."
"ಜಿಂಕ್ ಬೇಕು, ನಿಜ. ಚೂರೇ ಚೂರು. ಅತಿಯಾದ್ರೆ ಅದು ತಾಮ್ರಾನ ಮೈಗೆ ಸೇರೋಕೇ ಬಿಡಲ್ಲ. ತಾಮ್ರ ಇಲ್ದೆ ಬಿಳಿ ಕಣ ಹುಟ್ಟಲ್ಲ. ಪಾದ ಜೋಮು ಹಿಡಿದಿರೋದೂ ಅದಕ್ಕೇ."
ಮಗಳು ರಿಪೋರ್ಟು ಓದಿದಳು. "ಅಪ್ಪಾ, ನಿನ್ ಬಿಳಿ ಕಣದ ಕೌಂಟು ಕಡ್ಡಿದಕ್ಕಿಂತ ಕಮ್ಮಿ." ಬಾಗಿಲಾಚೆಯೇ ನಿಂತಿದ್ದಳು.

ಅಕ್ಟೋಬರ್ ೭, ಬೆಳಿಗ್ಗೆ ೧೦
ಕಡ್ಡಿಯೂ ಇದೇ ಆಸ್ಪತ್ರೆಯಲ್ಲಿ. ಮೇಲಿನ ಮಹಡಿ. ನಿನ್ನೆಯಿಂದ ಜ್ವರ ಇಳಿದಿಲ್ಲ.
ಮಗಳು ಬಂದಿದ್ದಳು. "ಯಾವ ಸೋಂಕು ಅಂತಾನೇ ಗೊತ್ತಾಗ್ತಿಲ್ವಂತೆ. ಮೊದಲು ಯಾರಿಗೆ ಬಂತು ಅಂತ ಗೊತ್ತಾದ್ರೆ ಅವ್ರನ್ನೂ ಟೆಸ್ಟ್ ಮಾಡ್ತಾರಂತೆ, ಔಷಧಿ ಆರಿಸೋದು ಸುಲಭ... ಅಪ್ಪಾ, ಶುಕ್ರವಾರ ನಿನ್ ಗಂಟಲು ಸರಿ ಇತ್ತು ತಾನೇ?"
"ಸರಿ ಇತ್ತಮ್ಮ. ಅವಳಿಂದ್ಲೇ ನಂಗೆ ಬಂದಿರ್ಬೇಕು."
ತಲೆಯಾಡಿಸಿ ಹೋದಳು.

೧೦.೪೦
ಎದ್ದು ನಿಂತೆ. ಕಾಲಿಗೆ ನೆಲ ಸಿಗುತ್ತಿಲ್ಲ. ಗೋಡೆ ಹಿಡಿದರೆ ಮೆಟ್ಟಿಲವರೆಗೆ ಹೋಗಬಹುದು. ಮೇಲೆ ಮಗಳ ಬಳಿ ತಲುಪದಿದ್ದರೆ ಈ ಡೈರಿಯನ್ನೇ ನರ್ಸ್ ಕೈಲಿ ಅವಳಿಗೆ ಕಳಿಸುವುದು. ಶುಕ್ರವಾರ ಬೆಳಿಗ್ಗೆಯೇ ನನ್ನ ಗಂಟಲು—